ನಾಲ್ಕು ಜಾರ್‌ಗಳ ಕಥೆ

ಹೋದ ವಾರ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಸೀಟಿನ ಹತ್ತಿರ ಬಂದು, "ಲಾಗ್‌ನಲ್ಲಿ ಪ್ರತಿ ಸಾಲೂ ಎರಡೆರಡು ಸಲ ಬರ್ತಾ ಇದೆ, ಯಾಕೆ?" ಅಂತ ಕೇಳಿದಳು. "ಅಡಿಟಿವಿಟಿಯನ್ನ ಫಾಲ್ಸ್ ಮಾಡು, ಸರಿ ಹೋಗುತ್ತೆ" ಅಂದೆ. ಸರಿ ಹೋಯ್ತು. ಆದ್ರೆ ಅವಳು ಹೋಗಲಿಲ್ಲ. "ಅದಿರಲಿ, ಒಂದು ಅಪ್ಲಿಕೇಶನ್ನು ಲಾಗ್ ಬರೆಯೋಕೆ ನಾಲ್ಕು ಬೇರೆ ಬೇರೆ ಜಾರ್ ಯಾಕೆ ಬೇಕು?"

ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನೇ ಕೇಳಿದ್ದೆ. "ಅದು ಹಂಗೇ ಇದೆ, ಮುಟ್ಟಬೇಡ" ಅನ್ನೋ ಉತ್ತರ ಸಿಕ್ಕಿತ್ತು. ಮುಟ್ಟಲಿಲ್ಲ. ಅದಕ್ಕೆ ಆಮೇಲೆ ಒಂದು ವಾರಾಂತ್ಯದ ನಿದ್ದೆ ಕಳೆದುಕೊಂಡೆ. ಅದನ್ನ ಕೊನೆಗೆ ಹೇಳ್ತೀನಿ. ಮೊದಲು ಆ ನಾಲ್ಕು ಜಾರ್‌ಗಳ ಇತಿಹಾಸ.

ಲಾಗ್ ಅಂದ್ರೆ ನಿಜವಾಗಿ ಮರದ ದಿಮ್ಮಿ. ಹಳೇ ಕಾಲದ ನಾವಿಕರು ಹಡಗಿನ ವೇಗ ತಿಳಿಯೋಕೆ ಮರದ ತುಂಡಿಗೆ ಹಗ್ಗ ಕಟ್ಟಿ ಸಮುದ್ರಕ್ಕೆ ಎಸೀತಿದ್ರು. ಹಗ್ಗದಲ್ಲಿ ಸಮ ಅಂತರದಲ್ಲಿ ಗಂಟುಗಳು. ನಿಗದಿತ ಸಮಯದಲ್ಲಿ ಎಷ್ಟು ಗಂಟು ಕೈಜಾರಿ ಹೋದವೋ ಅದೇ ವೇಗ. ಹಡಗಿನ ವೇಗವನ್ನ ಇವತ್ತಿಗೂ 'ನಾಟ್' ಅಂತ ಅಳೆಯೋದು ಅದಕ್ಕೇ. ಆ ಲೆಕ್ಕ ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯ್ತು. ಅಲ್ಲಿಂದ ಹೆಸರು ಕಂಪ್ಯೂಟರಿಗೆ ಬಂತು.

ಕಾಲೇಜಿನಲ್ಲಿ ಜಾವಾ ಕಲಿತವರಿಗೆ ಗೊತ್ತಿರುವ ಲಾಗಿಂಗ್ ಅಂದ್ರೆ ಸಿಸ್ಟಮ್ ಔಟ್ ಪ್ರಿಂಟ್‌ಎಲ್‌ಎನ್. "ಇಲ್ಲಿಗೆ ಬಂದೆ", "ಇಲ್ಲಿಗೂ ಬಂದೆ"... ನಾವೆಲ್ಲ ಹೀಗೇ ಅಲ್ವಾ ಶುರು ಮಾಡಿದ್ದು? ಪ್ರೋಗ್ರಾಮು ಗ್ರಾಹಕರ ಕೈಗೆ ಹೋದಮೇಲೆ ಕಷ್ಟ ಶುರು. ಆ ಸಾಲುಗಳನ್ನ ಹಾಗೇ ಬಿಟ್ಟರೆ ಬೇಡದ್ದೆಲ್ಲ ಪ್ರವಾಹದಂತೆ ಹರಿಯುತ್ತೆ. ತೆಗೆದುಹಾಕಿದರೆ, ನಾಳೆ ಏನಾದ್ರೂ ಕೆಟ್ಟಾಗ ನೋಡೋಕೆ ಏನೂ ಇರಲ್ಲ. ಹಾಗಿದ್ರೆ ಏನನ್ನ ಬರೀಬೇಕು, ಏನನ್ನ ಬಿಡಬೇಕು ಅಂತ ತೀರ್ಮಾನ ಮಾಡೋರು ಯಾರು?

ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಹುಟ್ಟಿದ್ದು ಯುರೋಪಿನಲ್ಲಿ. ಅಂತರ್ಜಾಲದಲ್ಲಿ ಸುರಕ್ಷಿತವಾಗಿ ವ್ಯಾಪಾರ ಮಾಡೋದು ಹೇಗೆ ಅಂತ ಕೆಲಸ ಮಾಡ್ತಿದ್ದ ಯುರೋಪಿಯನ್ ಯೂನಿಯನ್ನಿನ 'ಸೆಂಪರ್' ಎಂಬ ಯೋಜನೆ, 1996ರಲ್ಲಿ ತನ್ನದೇ ಒಂದು ಟ್ರೇಸಿಂಗ್ ಎಪಿಐ ಬರೆದುಕೊಳ್ಳಲು ನಿರ್ಧರಿಸಿತು. ಅದು ಹಲವು ಸಲ ರೂಪ ಬದಲಿಸಿ ಲಾಗ್‌ಫೋರ್‌ಜೆ ಆಯ್ತು. ಅದರ ಮುಖ್ಯ ಕರ್ತೃ ಜೆಕಿ ಗುಲ್ಜು. ಅಪಾಚಿಯ ನೆರಳಿಗೆ ಬಂದು 2001ರಲ್ಲಿ ಅದರ 1.0 ಆವೃತ್ತಿ ಹೊರಬಂತು.

ಲಾಗ್‌ಫೋರ್‌ಜೆಯ ಜಾಣತನ ಇರೋದು ಕೆಲಸ ಹಂಚಿದ್ದರಲ್ಲಿ. ಕೋಡ್ ಬರೆಯುವವನು ಹೇಳಬೇಕಾದ್ದನ್ನ ಹೇಳ್ತಾನೆ, ಜೊತೆಗೆ ಅದು ಡೀಬಗ್ಗೋ, ಇನ್ಫೋನೋ, ವಾರ್ನಿಂಗೋ, ಎರರ್ರೋ, ಫೇಟಲ್ಲೋ ಅಂತ ತೂಕ ಹಾಕ್ತಾನೆ. ಅಷ್ಟೇ ಅವನ ಕೆಲಸ. ಯಾವ ತೂಕದಿಂದ ಮೇಲಿನದು ಬೇಕು, ಅದು ಎಲ್ಲಿಗೆ ಹೋಗಬೇಕು, ಹೇಗೆ ಕಾಣಬೇಕು ಅನ್ನೋದೆಲ್ಲ ಹೊರಗಿನ ಒಂದು ಕಾನ್ಫಿಗರೇಶನ್ ಫೈಲಿನಲ್ಲಿ. ಹೇಳೋದು ಲಾಗರ್, ತಲುಪಿಸೋದು ಅಪೆಂಡರ್, ಅಲಂಕಾರ ಮಾಡೋದು ಲೇಔಟ್. ಕೋಡ್ ಮುಟ್ಟದೆ, ಮತ್ತೆ ಕಂಪೈಲ್ ಮಾಡದೆ, ಒಂದು ಪದ ಬದಲಾಯಿಸಿದರೆ ಮೂಕವಾಗಿದ್ದ ಪ್ರೋಗ್ರಾಮು ಮಾತಾಡುತ್ತೆ. ಆ ಫೈಲ್ ಇಡೋದು ಮರೆತರೆ "ನೋ ಅಪೆಂಡರ್ಸ್ ಕುಡ್ ಬಿ ಫೌಂಡ್" ಅಂತ ಬೈಗುಳ ಬೇರೆ. ಅದನ್ನ ತಿನ್ನದ ಜಾವಾ ಪ್ರೋಗ್ರಾಮರ್ ಇಲ್ಲ ಬಿಡಿ!

ಲಾಗರ್‌ಗಳಿಗೆ ಪ್ಯಾಕೇಜ್ ಹೆಸರಿನಂತೆ ವಂಶಾವಳಿಯೂ ಇದೆ. ಮಗ ಹೇಳಿದ್ದು ಅಪ್ಪನ ಅಪೆಂಡರಿಗೂ, ಅಜ್ಜನ ಅಪೆಂಡರಿಗೂ ಹೋಗುತ್ತೆ. ಇದೇ ಅಡಿಟಿವಿಟಿ. ಮಗನಿಗೂ ರೂಟಿಗೂ ಒಂದೇ ಅಪೆಂಡರ್ ಕೊಟ್ಟರೆ ಒಂದೇ ಮಾತು ಎರಡು ಸಲ ಬರುತ್ತೆ. ನಮ್ಮ ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಇದು.

ಎರಡನೇ ಪ್ರಶ್ನೆಗೆ ಉತ್ತರ ಜಗಳದಲ್ಲಿದೆ. ಜಾವಾದ ಒಡೆಯರಾದ ಸನ್ ಕಂಪನಿಯವರು ಲಾಗಿಂಗ್ ಜಾವಾದೊಳಗೇ ಇರಬೇಕು ಅಂತ ತೀರ್ಮಾನಿಸಿದರು. ಜೆಎಸ್‌ಆರ್ 47 ಅಂತ ಅದರ ಹೆಸರು. ಆಗಲೇ ಬಳಕೆಯಲ್ಲಿರುವ ಲಾಗ್‌ಫೋರ್‌ಜೆಯನ್ನೇ ತಗೊಳ್ಳಿ ಅಂತ ಗುಲ್ಜು ಬಹಿರಂಗವಾಗಿ ವಾದಿಸಿದರು. ಆಗಲಿಲ್ಲ. 2002ರಲ್ಲಿ ಜಾವಾ 1.4ರ ಜೊತೆ ಜಾವಾ ಯುಟಿಲ್ ಲಾಗಿಂಗ್ ಬಂತು. ಅದಕ್ಕೆ ಸಿವಿಯರ್, ವಾರ್ನಿಂಗ್, ಇನ್ಫೋ, ಕಾನ್ಫಿಗ್, ಫೈನ್, ಫೈನರ್, ಫೈನೆಸ್ಟ್ ಅಂತ ಬೇರೆಯದೇ ಮಟ್ಟಗಳು. ಈಗ ಎರಡಾಯ್ತು.

ಲೈಬ್ರರಿ ಬರೆಯುವವರಿಗೆ ಪೀಕಲಾಟ. ನನ್ನ ಲೈಬ್ರರಿ ಬಳಸುವವನು ಯಾವುದನ್ನ ಇಟ್ಟುಕೊಂಡಿರ್ತಾನೋ ಏನೋ? ಅದಕ್ಕೆ ಅದೇ 2002ರಲ್ಲಿ ಕಾಮನ್ಸ್ ಲಾಗಿಂಗ್ ಬಂತು. ಇದು ತಾನೇ ಲಾಗ್ ಬರೆಯೋದಲ್ಲ, ನಡುವಿನ ದಳ್ಳಾಳಿ. ಪ್ರೋಗ್ರಾಮು ಓಡುವಾಗ ಸುತ್ತ ನೋಡಿ, ಸಿಕ್ಕ ಫ್ರೇಮ್‌ವರ್ಕಿಗೆ ಮಾತು ದಾಟಿಸುತ್ತೆ. ಆದ್ರೆ ಅಪ್ಲಿಕೇಶನ್ ಸರ್ವರಿನ ಹಲವು ಕ್ಲಾಸ್ ಲೋಡರ್‌ಗಳ ನಡುವೆ ಈ ಹುಡುಕಾಟ ದಾರಿ ತಪ್ಪುತ್ತಿತ್ತು. ಮೂರಾಯ್ತು.

ಗುಲ್ಜು ಅವರೇ ಮತ್ತೆ ಕೂತು, 2005ರ ಸುಮಾರಿಗೆ ಎಸ್‌ಎಲ್‌ಎಫ್‌ಫೋರ್‌ಜೆ ಅನ್ನೋ ಇನ್ನೊಂದು ದಳ್ಳಾಳಿಯನ್ನ ಕೊಟ್ಟರು. ಇದು ಓಡುವಾಗ ಊರೆಲ್ಲ ಹುಡುಕಲ್ಲ. ಯಾವ ಫ್ರೇಮ್‌ವರ್ಕ್ ಬೇಕೋ ಅದರ ಬೈಂಡಿಂಗ್ ಜಾರನ್ನ ನಾವೇ ಇಡಬೇಕು. ಹಳೇ ಕಾಮನ್ಸ್ ಲಾಗಿಂಗ್ ಕರೆಗಳನ್ನ ತನ್ನ ಕಡೆ ತಿರುಗಿಸಿಕೊಳ್ಳೋಕೆ ಸೇತುವೆ ಜಾರ್ ಬೇರೆ. ಅದರ ಬೆನ್ನಿಗೇ ಅವರದ್ದೇ ಲಾಗ್‌ಬ್ಯಾಕ್. ಎಣಿಸುತ್ತಾ ಇದ್ದೀರಾ? ಎಲ್ಲರನ್ನೂ ಒಂದು ಮಾಡೋಕೆ ಬಂದವರೆಲ್ಲ ಲೆಕ್ಕಕ್ಕೆ ಇನ್ನೊಂದು ಸೇರಿಸಿದರು. ಆದ್ರೆ ಸುಮ್ಮನೆ ನಗೋಕಾಗಲ್ಲ. ಪ್ರತಿಯೊಂದೂ ಆಗ ಇದ್ದ ನಿಜವಾದ ತೊಂದರೆಗೆ ಮದ್ದಾಗಿತ್ತು.

ಅಪಾಚಿಯಲ್ಲಿ ಉಳಿದವರು ಎಲ್ಲವನ್ನೂ ಹೊಸದಾಗಿ ಬರೆದು 2014ರಲ್ಲಿ ಲಾಗ್‌ಫೋರ್‌ಜೆ 2.0 ಬಿಟ್ಟರು. ಮರುವರ್ಷ, 2015ರ ಆಗಸ್ಟ್‌ನಲ್ಲಿ, ಹಳೇ ಲಾಗ್‌ಫೋರ್‌ಜೆ 1ಕ್ಕೆ ಅಂತ್ಯ ಘೋಷಣೆಯಾಯ್ತು. ಹೊಸದರ ಕಾನ್ಫಿಗರೇಶನ್ ತುಂಬಾ ಚುರುಕು. ಡಾಲರ್ ಚಿಹ್ನೆ ಹಾಕಿ ಸುರುಳಿ ಬ್ರಾಕೆಟ್ಟಿನೊಳಗೆ ಒಂದು ಹೆಸರು ಬರೆದರೆ, ಅದೇ ಹೋಗಿ ಬೆಲೆ ಹುಡುಕಿ ತಂದು ತುಂಬುತ್ತೆ. ತಾರೀಖು, ಎನ್ವಿರಾನ್ಮೆಂಟ್ ವೇರಿಯಬಲ್, ಹೀಗೆ. 2013ರಲ್ಲಿ, ಇನ್ನೂ ಬೀಟಾ ಇದ್ದಾಗಲೇ, ಈ ಪಟ್ಟಿಗೆ ಜೆಎನ್‌ಡಿಐ ಸೇರಿತ್ತು. ಅಂದ್ರೆ ನೆಟ್‌ವರ್ಕಿನ ಇನ್ನೊಂದು ಸರ್ವರಿನಿಂದಲೂ ತರಬಹುದು.

ಎಡವಟ್ಟು ಇಲ್ಲೇ. ಈ ಹುಡುಕಾಟ ಕಾನ್ಫಿಗರೇಶನ್ ಫೈಲಿನಲ್ಲಿ ಮಾತ್ರ ನಡೀತಿರಲಿಲ್ಲ, ಲಾಗ್ ಮಾಡುವ ಸಂದೇಶದೊಳಗೂ ನಡೀತಿತ್ತು. ಕಾನ್ಫಿಗರೇಶನ್ ಬರೆಯೋದು ನಾವು. ಸಂದೇಶದೊಳಗೆ ಬರೋದು ಹೊರಗಿನವರ ಮಾತು: ಲಾಗಿನ್ ಹೆಸರು, ಹುಡುಕಿದ ಪದ, ಬ್ರೌಸರಿನ ಹೆಸರು. ಅಲ್ಲಿ ಯಾರಾದ್ರೂ ತಮ್ಮ ಸರ್ವರಿನ ವಿಳಾಸ ಇಟ್ಟು ಆ ಸಾಲು ಬರೆದರೆ, ನಮ್ಮ ಅಪ್ಲಿಕೇಶನ್ನು ವಿಧೇಯವಾಗಿ ಅಲ್ಲಿಗೆ ಹೋಗಿ, ಅವರು ಕೊಟ್ಟ ಕೋಡ್ ತಂದು ಓಡಿಸಬಹುದಿತ್ತು.

2021ರ ನವೆಂಬರ್ 24ರಂದು ಅಲಿಬಾಬಾ ಕ್ಲೌಡಿನ ಚೆನ್ ಝಾವೊಜುನ್ ಇದನ್ನ ಅಪಾಚಿಗೆ ತಿಳಿಸಿದರು. ಡಿಸೆಂಬರ್ 9ರ ಹೊತ್ತಿಗೆ ಜಗತ್ತಿಗೆಲ್ಲ ಗೊತ್ತಾಯ್ತು. ಲಾಗ್‌ಫೋರ್‌ಶೆಲ್ ಅಂತ ಹೆಸರು, ಅಪಾಯದ ಅಂಕ ಹತ್ತಕ್ಕೆ ಹತ್ತು. ಮೈನ್‌ಕ್ರಾಫ್ಟ್ ಆಟದಲ್ಲಿ ಚಾಟ್ ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಿಯೇ ಸರ್ವರ್ ವಶಪಡಿಸಿಕೊಳ್ಳಬಹುದಿತ್ತು.

ಆಗ ವರ್ಕ್ ಫ್ರಂ ಹೋಮ್, ನಾನು ಊರಲ್ಲಿದ್ದೆ. ಶುಕ್ರವಾರ ಮೇಲ್ ಬಂತು. ಪೋಮ್ ಫೈಲ್ ತೆಗೆದು ನೋಡಿದೆ. ನಮ್ಮದು ಹಳೇ 1.2. "ನಮ್ಮಲ್ಲಿ ಈ ತೊಂದರೆ ಇಲ್ಲ" ಅಂತ ಉತ್ತರ ಬರೆದು ಊಟಕ್ಕೆ ಕೂತೆ. ಏನಾಗಿದೆ ಅಂತ ಅಮ್ಮ ಕೇಳಿದಾಗ, "ಓದು ಬಾರದವರಿಗೆ ಕಾಗದ ಓದಿ ಹೇಳೋನು, ಅದರಲ್ಲಿ 'ಹಿತ್ತಲ ಬಾಗಿಲು ತೆಗೆ' ಅಂತಿದ್ರೆ ಓದೋದು ಬಿಟ್ಟು ಎದ್ದು ಹೋಗಿ ತೆಗೆದ ಹಾಗೆ" ಅಂದೆ. "ಎಂಥಾ ಪೆದ್ದ!" ಅಂದ್ಲು ಅಮ್ಮ.

ಶನಿವಾರ ರಾತ್ರಿ ಯಾಕೋ ಸಮಾಧಾನ ಇಲ್ಲದೆ ಸರ್ವರಿನ ಎಲ್ಲ ಜಾರ್‌ಗಳನ್ನ ಬಿಚ್ಚಿ ಹುಡುಕಿದೆ. ರಿಪೋರ್ಟ್ ತಯಾರಿಸೋ ಒಂದು ಮಾಡ್ಯೂಲಿನ ದೊಡ್ಡ ಜಾರ್ ಒಳಗೆ ಇನ್ನೊಂದು ಜಾರ್, ಅದರೊಳಗೆ ಲಾಗ್‌ಫೋರ್‌ಜೆ 2! ಯಾರೋ ಎಂದೋ ಸೇರಿಸಿ ಹೋದದ್ದು. ಕೈ ತಣ್ಣಗಾಯ್ತು. "ನನ್ನ ಹಿಂದಿನ ಮೇಲ್ ತಪ್ಪು" ಅಂತ ಬರೆದದ್ದು ನನ್ನ ಕೆಲಸದ ಜೀವನದ ಅತಿ ಕಷ್ಟದ ಒಂದು ಸಾಲು. ಬೆಳಗಿನ ತನಕ ಕೂತು ಜೆಎನ್‌ಡಿಐ ಲುಕಪ್ ಕ್ಲಾಸನ್ನ ಜಾರ್‌ನಿಂದ ಕಿತ್ತೆವು. ಆಮೇಲೆ ವೆಬ್ ಸರ್ವರಿನ ಲಾಗ್ ನೋಡಿದರೆ, ಬ್ರೌಸರ್ ಹೆಸರಿನ ಜಾಗದಲ್ಲಿ ಅದೇ ಸಾಲನ್ನ ಯಾರೋ ಆಗಲೇ ಹತ್ತಾರು ಸಲ ಕಳಿಸಿದ್ದರು. ನಮ್ಮ ಆ ಮಾಡ್ಯೂಲು ಬ್ರೌಸರ್ ಹೆಸರನ್ನ ಲಾಗ್ ಮಾಡ್ತಿರಲಿಲ್ಲ. ಉಳಿದದ್ದು ಅಷ್ಟಕ್ಕೇ. ನನ್ನ ಬುದ್ಧಿಯಿಂದ ಅಲ್ಲ.

ಆ ತಿಂಗಳು ಮುಗಿಯೋದ್ರೊಳಗೆ 2.15, 2.16, 2.17, 2.17.1 ಅಂತ ನಾಲ್ಕು ಆವೃತ್ತಿ ಬಂದವು. ಅದನ್ನ ನಿದ್ದೆಗೆಟ್ಟು ಮಾಡಿದವರು ಬಹುಪಾಲು ಸ್ವಯಂಸೇವಕರು. ಅವರ ಕೆಲಸವನ್ನ ವರ್ಷಗಟ್ಟಲೆ ಪುಕ್ಕಟೆ ಬಳಸಿದವರಲ್ಲಿ ನಾನೂ ಒಬ್ಬ. ಇನ್ನು ನಮ್ಮ "ಸುರಕ್ಷಿತ" 1.2? ಅದರಲ್ಲೂ ಬೇರೆ ತೂತುಗಳಿದ್ದವು, ಮುಚ್ಚುವವರು ಆರು ವರ್ಷದಿಂದ ಇರಲಿಲ್ಲ. 2022ರ ಜನವರಿಯಲ್ಲಿ ಗುಲ್ಜು ಮತ್ತೆ ಬಂದು, ತಮ್ಮ ಆ ಹಳೇ ಕೋಡನ್ನೇ ಎತ್ತಿಕೊಂಡು ರೀಲೋಡ್‌ಫೋರ್‌ಜೆ ಅಂತ ರಿಪೇರಿ ಮಾಡಿ ಬಿಟ್ಟರು. ಹೌದು, ಮತ್ತೂ ಒಂದು!

ಮಾತನ್ನೂ ಅಪ್ಪಣೆಯನ್ನೂ ಬೇರೆ ಇಡೋದೇ ಲಾಗ್‌ಫೋರ್‌ಜೆಯ ಮೊದಲ ಉಪಾಯವಾಗಿತ್ತು. ಕೋಡಿನದು ಮಾತು, ಕಾನ್ಫಿಗರೇಶನ್ನಿನದು ಅಪ್ಪಣೆ. ಮಾತಿನೊಳಗೇ ಅಪ್ಪಣೆ ಹುಡುಕೋಕೆ ಹೋದ ದಿನ ಆ ಗೋಡೆ ಬಿತ್ತು.

ಇಷ್ಟೆಲ್ಲ ಕೇಳಿ ನಮ್ಮ ಹುಡುಗಿ ಅಂದದ್ದು ಒಂದೇ: "ಹಾಗಿದ್ರೆ ಈ ನಾಲ್ಕರಲ್ಲಿ ಯಾವುದನ್ನ ತೆಗೀಬಹುದು?" ಇಬ್ಬರೂ ಕೂತು ಎರಡನ್ನ ತೆಗೆದೆವು. ಏನೂ ಮುರೀಲಿಲ್ಲ. ಉಳಿದ ಎರಡು ಯಾಕಿವೆ ಅಂತ ಕಾನ್ಫಿಗರೇಶನ್ ಫೈಲಿನ ತಲೆಯಲ್ಲಿ ಅವಳೇ ಒಂದು ಕಾಮೆಂಟ್ ಬರೆದಳು.

ನಿಮ್ಮ ಪ್ರಾಜೆಕ್ಟಿನಲ್ಲಿ ಎಷ್ಟಿವೆ? ಒಮ್ಮೆ ಎಣಿಸಿ ನೋಡಿ. ಪೋಮ್ ಫೈಲ್ ನೋಡಿದ್ರೆ ಸಾಲದು, ಜಾರ್ ಬಿಚ್ಚಿ ನೋಡಿ.