ಬುಧಿ ಕುಂದರನ್ (1939–2006)

ಬುಧಿಸಾಗರ ಕೃಷ್ಣಪ್ಪ ಕುಂದರನ್ ಹುಟ್ಟೂರು ದಕ್ಷಿಣ ಕನ್ನಡದ ಮೂಲ್ಕಿ. ತಂದೆಗೆ ಕ್ರಿಕೆಟ್ ಹಿಡಿಸದು. ಶಾಲಾ ಪಂದ್ಯಕ್ಕೆ ತಾಯಿ ಗಂಡನ ಬಿಳಿ ಬಟ್ಟೆಯನ್ನೇ ಮಗನ ಅಳತೆಗೆ ಸರಿಮಾಡಿಕೊಟ್ಟರು. 1960ರ ಜನವರಿಯಲ್ಲಿ, ಒಂದೂ ರಣಜಿ ಪಂದ್ಯವಾಡದೆ, ಮುಂಬಯಿಯಲ್ಲಿ ಆಸ್ಟ್ರೇಲಿಯ ವಿರುದ್ಧ ಟೆಸ್ಟ್‌ಗೆ ಇಳಿದರು. ವಿಕೆಟ್ ಕೀಪಿಂಗ್‌ಗೆ ಹಾಕಿಕೊಂಡದ್ದು ಭಾರತದ ಇನ್ನೊಬ್ಬ ಕೀಪರ್ ನರೇನ್ ತಮ್ಹಾಣೆ ಅವರಿಂದ ಎರವಲು ಪಡೆದ ಗ್ಲೌಸ್.

ಹೊಸ ಚೆಂಡನ್ನು ಕಾದು ಸವೆಸುವುದು ಆಗಿನ ಆರಂಭಿಕರ ವಾಡಿಕೆ. ಕುಂದರನ್ ಮೊದಲಿನಿಂದಲೇ ಬೀಸುತ್ತಿದ್ದರು. 1964ರ ಜನವರಿ, ಮದ್ರಾಸ್: ವಿಕೆಟ್ ಕೀಪರ್ ಫಾರೂಕ್ ಎಂಜಿನಿಯರ್ ಅನಾರೋಗ್ಯದಿಂದ ಹೊರಗುಳಿದಾಗ ಸಿಕ್ಕ ಅವಕಾಶದಲ್ಲಿ ಇಂಗ್ಲೆಂಡ್ ವಿರುದ್ಧ 192 ರನ್ ಹೊಡೆದರು. ದೆಹಲಿಯಲ್ಲಿ ಇನ್ನೊಂದು ಶತಕ. ಸರಣಿಯಲ್ಲಿ ಒಟ್ಟು 525 ರನ್. ಇಷ್ಟಾದರೂ ತಂಡದಲ್ಲಿ ಅವರ ಸ್ಥಾನ ಎಂದೂ ಭದ್ರವಾಗಲಿಲ್ಲ. 1967ರ ಬರ್ಮಿಂಗ್‌ಹ್ಯಾಮ್ ಟೆಸ್ಟೇ ಕೊನೆಯದು. ಅದರಲ್ಲಿ ಬ್ಯಾಟಿಂಗ್ ಜತೆಗೆ ಬೌಲಿಂಗ್ ಆರಂಭಿಸಿದ್ದೂ ಅವರೇ! ಒಟ್ಟು ಸಾಧನೆ 18 ಟೆಸ್ಟ್, 981 ರನ್.

ರೈಲ್ವೇಸ್, ಮೈಸೂರು ತಂಡಗಳಿಗೆ ಆಡಿದ ಅವರು ಆಮೇಲೆ ಸ್ಕಾಟ್ಲೆಂಡ್‌ನಲ್ಲಿ ನೆಲೆಸಿ, ಆ ದೇಶದ ಪರವಾಗಿಯೂ ಆಡಿದರು. 2006ರ ಜೂನ್ 23ರಂದು ಗ್ಲಾಸ್ಗೊದಲ್ಲಿ ನಿಧನರಾದರು. ಭಾರತೀಯ ವಿಕೆಟ್ ಕೀಪರ್ ಒಬ್ಬರ ಗರಿಷ್ಠ ಟೆಸ್ಟ್ ಮೊತ್ತವಾಗಿ ಅವರ 192 ಉಳಿದದ್ದು 2013ರವರೆಗೆ. ಮುರಿದದ್ದು ಅದೇ ಮದ್ರಾಸ್, ಅಂದರೆ ಈಗಿನ ಚೆನ್ನೈ ನಗರದಲ್ಲಿ, ಮಹೇಂದ್ರ ಸಿಂಗ್ ಧೋನಿಯ 224.