ಪ್ರವಾಸವು ನಿಂತ ಊರಿನಲ್ಲಿ ಬೇರೂರಿದ ಗಾನ

ಐರೋಪ್ಯ ದೇಶಗಳ ಇಗರ್ಜಿಗಳಲ್ಲಿ ಬಾಲಕರಿಂದ ಸ್ತೋತ್ರಗಾನವನ್ನು ಮಾಡಿಸುವ ಪದ್ಧತಿಯು ಬಹು ಪ್ರಾಚೀನವಾದುದು. ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್ನನು 1498ರಲ್ಲಿ ವಿಯೆನ್ನಾ ನಗರದ ತನ್ನ ಆಸ್ಥಾನ ಪ್ರಾರ್ಥನಾಮಂದಿರಕ್ಕೆ ಬಾಲಗಾಯಕರನ್ನು ನೇಮಿಸಿದನು. ಮುಂದೆ ಜಗದ್ವಿಖ್ಯಾತರಾದ ಹೈಡನ್ ಮತ್ತು ಶೂಬರ್ಟರು ಬಾಲ್ಯದಲ್ಲಿ ಆ ನಗರದ ಇಂತಹ ಮೇಳಗಳಲ್ಲಿಯೇ ಹಾಡಿ ಬೆಳೆದವರು. 1918ರಲ್ಲಿ ಸಾಮ್ರಾಜ್ಯವು ಅಳಿಯಲು ರಾಜಾಶ್ರಯವು ತಪ್ಪಿತು. ಆಮೇಲೆ ಬಾಲಗಾಯಕರ ಮೇಳಗಳು ದೇಶದೇಶಗಳನ್ನು ಸುತ್ತಿ, ಕಚೇರಿಗಳನ್ನು ನಡೆಯಿಸಿ, ಜೀವನೋಪಾಯವನ್ನು ಕಂಡುಕೊಳ್ಳಬೇಕಾಯಿತು.

ಇಂತಹ ಮೇಳಗಳಲ್ಲೊಂದು ಮೊಟ್ಸಾರ್ಟನ ಹೆಸರನ್ನು ಧರಿಸಿದ್ದಿತು. ಅದರ ಆಚಾರ್ಯನು ಗೇಯೊರ್ಗ್ ಗ್ರೂಬರ್ ಎಂಬಾತನು. 1939ರಲ್ಲಿ ಆತನು ಇಪ್ಪತ್ತರಷ್ಟು ಬಾಲಕರನ್ನು ಕರೆದುಕೊಂಡು ಆಸ್ಟ್ರೇಲಿಯಾ ಖಂಡದಲ್ಲಿ ಸಂಚರಿಸುತ್ತಿದ್ದನು. ಪಶ್ಚಿಮ ತೀರದ ಪರ್ತ್ ನಗರವನ್ನು ಮುಟ್ಟಿದಾಗ ಪ್ರವಾಸವು ಮುಗಿಯುತ್ತ ಬಂದಿದ್ದಿತು. ಮನೆಗೆ ಮರಳುವುದೊಂದೇ ಉಳಿದಿದ್ದಿತು. ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯುವುದಷ್ಟೆ! ಸೆಪ್ಟೆಂಬರ್ 3ರಂದು ಬ್ರಿಟನ್ನು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಆಸ್ಟ್ರೇಲಿಯಾವೂ ಅಂದೇ ಯುದ್ಧಕ್ಕೆ ಸೇರಿತು. ಆಸ್ಟ್ರಿಯಾ ದೇಶವನ್ನು 1938ರ ಮಾರ್ಚಿಯಲ್ಲಿಯೇ ಜರ್ಮನಿಯು ನುಂಗಿದ್ದುದರಿಂದ, ನಿನ್ನೆಯ ವರೆಗೆ ಅತಿಥಿಗಳಾಗಿದ್ದ ಮಕ್ಕಳು ಇಂದು ಶತ್ರುದೇಶದ ಪ್ರಜೆಗಳೆನಿಸಿದರು. ಸ್ವದೇಶಕ್ಕೆ ಹೋಗುವ ದಾರಿಯು ಮುಚ್ಚಿತು.

ಆ ಸಮಯದಲ್ಲಿ ಮೆಲ್ಬರ್ನಿನ ಆರ್ಚ್‌ಬಿಷಪ್ಪರಾದ ಡೇನಿಯಲ್ ಮ್ಯಾನಿಕ್ಸರು ಮಕ್ಕಳಿಗೆ ಆಶ್ರಯವನ್ನಿತ್ತರು. ಬಾಲಕರು ಆ ನಗರದ ಕ್ಯಾಥೊಲಿಕ್ ಕುಟುಂಬಗಳಲ್ಲಿ ಇರತಕ್ಕದ್ದು, ಶಾಲೆಯಲ್ಲಿ ಓದತಕ್ಕದ್ದು, ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲಿನಲ್ಲಿ ಪೂಜಾಸಮಯದಲ್ಲಿ ಹಾಡತಕ್ಕದ್ದು ಎಂದು ಏರ್ಪಾಟಾಯಿತು. 1858ರಲ್ಲಿ ಕಟ್ಟಲಾರಂಭಿಸಿದ ಆ ಮಹಾಮಂದಿರದ ಗೋಪುರಶಿಖರಗಳು ಪೂರ್ಣವಾದುದು ಅದೇ 1939ರಲ್ಲಿ. ಕಲ್ಲಿನ ಕೆಲಸ ಮುಗಿದ ವರ್ಷವೇ ಅಲ್ಲಿ ಹೊಸ ಗಾನವು ಮೊದಲಾಯಿತು. ಊರೂರು ಸುತ್ತುತ್ತಿದ್ದ ಗ್ರೂಬರನು ಒಂದು ಕೆಥೀಡ್ರಲಿನ ಗಾಯನಾಚಾರ್ಯನಾಗಿ ನೆಲೆನಿಂತನು.

ಆದರೆ ಆ ನೆಲೆಯು ಬಹುಕಾಲ ಉಳಿಯಲಿಲ್ಲ. ನಾಜೀ ಪಕ್ಷದೊಡನೆ ನಂಟುಳ್ಳವನೆಂಬ ಶಂಕೆಯಿಂದ ಸರಕಾರವು 1941ರಲ್ಲಿ ಆತನನ್ನು ಬಂಧನದ ಶಿಬಿರದಲ್ಲಿರಿಸಿತು. ಯುದ್ಧಾನಂತರ, 1947ರಲ್ಲಿ, ದೇಶದಿಂದ ಹೊರಗೆ ಕಳುಹಿತು. ಮುಂದೆ ಆತನು ದಕ್ಷಿಣ ಆಫ್ರಿಕಾದ ರೋಡ್ಸ್ ವಿಶ್ವವಿದ್ಯಾನಿಲಯದಲ್ಲಿ ಸಂಗೀತದ ಪ್ರಾಧ್ಯಾಪಕನಾದನು. ಆತನ ವಿದ್ಯೆಯನ್ನು ಸ್ಮರಿಸುವಾಗ ಈ ಶಂಕೆಯನ್ನು ಮರೆಮಾಚುವುದು ಇತಿಹಾಸಕ್ಕೆ ಸಲ್ಲದು. ಈ ಶಂಕೆಯನ್ನು ಮುಂದಿಟ್ಟು ಆ ವಿದ್ಯೆಯ ಫಲವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ.

ಆ ಫಲವಾವುದೆಂಬುದು ವಿಚಾರಾರ್ಹವಾಗಿದೆ. ಬಾಲಕರ ತಾರಸ್ಥಾಯಿಯ ಕಂಠವು ಅಲ್ಪಾಯುಷ್ಯದ್ದು; ಯೌವನವು ಕಾಲಿಡುತ್ತಲೇ ಅದು ಒಡೆಯುತ್ತದೆ. ಆದುದರಿಂದ ಇಂತಹ ಮೇಳದ ಆಚಾರ್ಯನು ತಾನು ತಿದ್ದಿದ ಕಂಠಗಳನ್ನು ವರ್ಷವರ್ಷವೂ ಕಳೆದುಕೊಳ್ಳುತ್ತ, ಹೊಸಬರಿಗೆ ಮೊದಲಿನಿಂದ ಕಲಿಸುತ್ತ ಹೋಗಬೇಕು. ಯುದ್ಧವು ಆರು ವರ್ಷ ನಡೆಯಿತು. ಅಷ್ಟರಲ್ಲಿ ವಿಯೆನ್ನಾದಿಂದ ಬಂದ ಮಕ್ಕಳೆಲ್ಲರೂ ಯುವಕರಾಗಿದ್ದರು. ಗಾನವು ಅವರ ಕಂಠಗಳನ್ನೇ ನೆಚ್ಚಿಕೊಂಡಿದ್ದರೆ ಅವರೊಡನೆಯೇ ಅಡಗಿಹೋಗುತ್ತಿದ್ದಿತು. ಹಾಗಾಗಲಿಲ್ಲ, ಅವರ ಸ್ಥಾನದಲ್ಲಿ ಮೆಲ್ಬರ್ನಿನ ಮಕ್ಕಳು ನಿಂತು ಹಾಡಿದರು. ಕೆಥೀಡ್ರಲಿನ ಗಾಯಕ ವೃಂದವು 1939ನ್ನೇ ತನ್ನ ಜನ್ಮವರ್ಷವೆಂದು ಎಣಿಸಿಕೊಂಡು ದಶಕಗಳ ಕಾಲ ಬಾಳಿತು.

ಬಂದ ಬಾಲಕರಲ್ಲಿಯೂ ಹಲವರು ಆ ದೇಶವನ್ನೇ ತಮ್ಮದೆಂದು ತಿಳಿದು ಉಳಿದರು. ಅವರಲ್ಲಿ ಸ್ಟೆಫಾನ್ ಹಾಗ್ ಎಂಬಾತನು ಗಾಯಕನಾಗಿ, ಬಳಿಕ ಗೀತನಾಟಕಗಳ ನಿರ್ದೇಶಕನಾಗಿ, ಎಲಿಜಬೀತನ್ ಥಿಯೇಟರ್ ಟ್ರಸ್ಟಿನ ಮುಖ್ಯಾಧಿಕಾರಿಯೂ ಆಗಿ, ಆಸ್ಟ್ರೇಲಿಯಾದ ರಂಗಭೂಮಿಗೆ ಸೇವೆ ಸಲ್ಲಿಸಿದನು.

ಆದರೂ ಇದನ್ನು ಕೇವಲ ಸುಖಾಂತವೆನ್ನಲಾಗದು. ಮಗನನ್ನು ಕೆಲವು ತಿಂಗಳ ಸಂಚಾರಕ್ಕೆಂದು ಕಳುಹಿಕೊಟ್ಟ ತಾಯಿಗೆ ಸಮುದ್ರದಾಚೆಯ ಆ ಗಾನವು ಕೇಳಿಸಲಿಲ್ಲ. ಮೆಲ್ಬರ್ನಿಗೆ ದೊರೆತ ಸಂಪತ್ತಿನ ಬೆಲೆಯನ್ನು ವಿಯೆನ್ನಾದ ಮನೆಗಳು ತೆತ್ತವು. ವಿದ್ಯೆಯು ಕೊಡುವವನಿಂದ ಕೊಳ್ಳುವವನಿಗೆ ಹರಿದು, ನೆಲ ಬದಲಾದರೂ ಚಿಗುರುವುದೆಂಬುದು ನಿಜ. ಅದು ಚಿಗುರಿದ ಅಂಗಳವನ್ನು ಹೊಗಳುವವರು ಬರಿದಾದ ಅಂಗಳವನ್ನೂ ನೆನೆಯಬೇಕು.