ಅಂಗುಲಕ್ಕೆ ಎಂಟು ಅಡಿ

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬನು ಬರೆದ ಪತ್ರವೊಂದು ಕೆಲವು ತಿಂಗಳುಗಳಿಂದ ಉತ್ತರವಿಲ್ಲದೆ ನನ್ನ ಮೇಜಿನ ಮೇಲಿದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತಷ್ಟೆ. ಅದಾದ ಮೇಲೆ ಅವನು ಮಗಳೊಂದಿಗೆ ಸಿಗಂದೂರಿಗೆ ಹೋಗಿದ್ದನಂತೆ. ಎರಡು ಕಿಲೋಮೀಟರಿಗೂ ಉದ್ದವಾದ ಆ ಸೇತುವೆಯ ಮೇಲೆ ಕಾರು ಸಾಗುವಾಗ, ನಮ್ಮ ಹಿರಿಯರ ಮನೆ ಈ ನೀರಿನಡಿ ಎಲ್ಲೋ ಇದೆ ಎಂದು ಅವನು ಹೇಳಿದನಂತೆ. ಆ ಮನೆ ನೋಡಲು ಹೇಗಿತ್ತು ಎಂದು ಮಗಳು ಕೇಳಿದಳಂತೆ. 'ಸಾರ್, ನಾನು ಹತ್ತನೆಯ ತರಗತಿಯಲ್ಲಿ ಮಾಡಿದ ಮಾದರಿ ಶಾಲೆಯಲ್ಲಿ ಇನ್ನೂ ಇದೆಯೆ? ಒಂದು ಫೋಟೋ ತೆಗೆಯಬಹುದೆ?' ಎಂಬುದು ಪತ್ರದ ಸಾರಾಂಶ.

ಉತ್ತರ ನನಗೆ ಗೊತ್ತು. ಆದರೆ ಅದನ್ನು ಎರಡು ಸಾಲಿನಲ್ಲಿ ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಪುಸ್ತಕ ಓದಿ ಮಾದರಿ ಕಟ್ಟುವ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಒಂದು ಸಣ್ಣ ಇತಿಹಾಸವೇ ಇರುವುದರಿಂದ ಅಲ್ಲಿಂದ ಆರಂಭಿಸುತ್ತೇನೆ.

ಹೆಗ್ಗೋಡಿನವರಿಗೆ 'ಮಾಡೆಲ್' ಎಂಬ ಮಾತು ಹೊಸದಲ್ಲ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನು ಕಟ್ಟಿತು, 1980ರಲ್ಲಿ ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ರಂಗಸಜ್ಜಿಕೆ ಕಲಿಯುವವರು ಎಲ್ಲಿದ್ದರೂ ಮೊದಲು ಮಾಡುವ ಕೆಲಸವೆಂದರೆ ರಟ್ಟಿನಲ್ಲಿ ರಂಗವನ್ನು ಕಟ್ಟುವುದು. ಅರ್ಧ ಅಂಗುಲಕ್ಕೆ ಒಂದು ಅಡಿ ಎಂಬ ಲೆಕ್ಕ ಈ ಕಲೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆರಡಿಯ ನಟ ಅಲ್ಲಿ ಮೂರು ಅಂಗುಲದ ರಟ್ಟಿನ ಬೊಂಬೆ. ಆ ಬೊಂಬೆಯನ್ನು ಬಾಗಿಲಿನ ಪಕ್ಕದಲ್ಲಿ ನಿಲ್ಲಿಸಿದರೆ ಬಾಗಿಲು ಸರಿಯೋ ತಪ್ಪೋ ತಾನೇ ಹೇಳುತ್ತದೆ. ಶಾಲೆ ಬಿಟ್ಟ ಮೇಲೆ ನಾನು ಅತ್ತ ಸುತ್ತಾಡಲು ಹೋಗುತ್ತಿದ್ದ ದಿನಗಳಲ್ಲಿ, ದೊಡ್ಡ ಮಕ್ಕಳು ಅಂಟು, ಕತ್ತರಿ, ಬ್ಲೇಡು ಹಿಡಿದು ಕುಳಿತಿರುವುದನ್ನು ಕಂಡು ಇದೇನು ಆಟವೆಂದು ನಕ್ಕಿದ್ದೂ ಉಂಟು.

ಆಟವಲ್ಲವೆಂದು ತಿಳಿದದ್ದು ನಾನೇ ಮಾಡಲು ಹೊರಟಾಗ. ಒಂದು ಬೇಸಿಗೆ ರಜೆಯಲ್ಲಿ ಮ್ಯಾಕ್‌ಬೆತ್ ನಾಟಕವನ್ನು ಮತ್ತೊಮ್ಮೆ ಓದುತ್ತಿದ್ದೆ. ಡಿ.ವಿ.ಜಿ.ಯವರು ಅದನ್ನು ಕನ್ನಡಕ್ಕೆ ತಂದಿರುವುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾಜನ ಕೊಲೆಯಾಗುವ ರಾತ್ರಿಯ ದೃಶ್ಯವನ್ನು ಖಾಲಿ ಬಿಸ್ಕತ್ತಿನ ಪೆಟ್ಟಿಗೆಯಲ್ಲಿ ಕಟ್ಟಿ ನೋಡೋಣವೆಂದುಕೊಂಡೆ. ಹತ್ತಾರು ಸಲ ಓದಿದ್ದ ನಾಟಕ. ಆದರೆ ರಟ್ಟನ್ನು ಕತ್ತರಿಸಲು ಹೋದಾಗ ಏನೂ ತಿಳಿಯದು! ರಾಜ ಮಲಗಿದ ಕೋಣೆ ಎಲ್ಲಿದೆ? ಮ್ಯಾಕ್‌ಬೆತ್ ಅಲ್ಲಿಂದ ಇಳಿದು ಬಂದೆನೆಂಬ ಅರ್ಥದ ಒಂದು ಮಾತನ್ನು ಆಡುತ್ತಾನೆ. ಅಲ್ಲಿಗೆ ಮೆಟ್ಟಿಲು ಬೇಕಾಯಿತು. ಕೋಟೆಯ ಬಾಗಿಲು ಬಡಿಯುವ ಸದ್ದು ಕೇಳಿದಾಗ ಅವನ ಹೆಂಡತಿ ದಕ್ಷಿಣದ ಬಾಗಿಲೆಂದು ಗುರುತು ಹಿಡಿಯುತ್ತಾಳೆ. ಅಲ್ಲಿಗೆ ದಿಕ್ಕೂ ಸಿಕ್ಕಿತು. ನೂರು ಜನ ವಿಮರ್ಶಕರನ್ನು ಓದಿದಾಗಲೂ ನನ್ನ ಕಣ್ಣಿಗೆ ಬೀಳದಿದ್ದ ಆ ಎರಡು ಶಬ್ದಗಳು ರಟ್ಟಿನ ದೆಸೆಯಿಂದ ಬಿದ್ದವು. ಪೆಟ್ಟಿಗೆಯೇನೋ ಮೂರು ದಿನ ಊಟದ ಮನೆಯ ನಾಗಂದಿಗೆಯ ಮೇಲಿತ್ತು. ನಾಲ್ಕನೆಯ ದಿನ ನಮ್ಮ ಮನೆಯಾಕೆ ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಳು.

ಮಾದರಿಯೇ ಪ್ರಮಾಣವೆಂದು ನಂಬುವುದರಲ್ಲಿಯೂ ಅಪಾಯವಿದೆ. ಇಂಗ್ಲೆಂಡಿನ ಗಾರ್ಡನ್ ಕ್ರೇಗ್ ಮಾಸ್ಕೋದ ಹ್ಯಾಮ್ಲೆಟ್ ಪ್ರಯೋಗಕ್ಕಾಗಿ ಎತ್ತರದ ಪರದೆಗಳ ಸಜ್ಜಿಕೆಯೊಂದನ್ನು ಪುಟ್ಟ ಮಾದರಿಯಲ್ಲಿ ರೂಪಿಸಿದ್ದನು. ಮಾದರಿಯಲ್ಲಿ ಬೆರಳಿನಿಂದ ಸರಿಸಿದರೆ ಸರಿಯುತ್ತಿದ್ದ ಪರದೆಗಳು 1912ರ ಜನವರಿಯಲ್ಲಿ ಮೊದಲ ಪ್ರದರ್ಶನಕ್ಕೆ ಸ್ವಲ್ಪ ಮುಂಚೆ ಒಂದರ ಮೇಲೊಂದು ಉರುಳಿದವೆಂದು ಸ್ತಾನಿಸ್ಲಾವ್‌ಸ್ಕಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕ್ರೇಗ್ ಅದನ್ನು ಒಪ್ಪಲಿಲ್ಲ. ಯಾರ ಮಾತು ನಿಜವೋ, ರಟ್ಟಿಗೆ ಇಲ್ಲದ ಭಾರ ಮರಕ್ಕೆ ಇರುತ್ತದೆಂಬುದಂತೂ ನಿಜ. 1985ರಿಂದ ಊರೂರು ಸುತ್ತುತ್ತ ಬಂದಿರುವ ತಿರುಗಾಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ರಾಜಧಾನಿ, ಅರಣ್ಯ, ಅರಮನೆಗಳೆಲ್ಲವೂ ಬಿಚ್ಚಿ ಕಟ್ಟಿ ವಾಹನದಲ್ಲಿ ಹೇರುವಂತಿರಬೇಕು.

ರಟ್ಟಿನ ಹಂತವನ್ನು ದಾಟಿ, ಪುಸ್ತಕದ ಊರೊಂದನ್ನು ಪೂರ್ಣ ಗಾತ್ರದಲ್ಲಿಯೇ ಎಬ್ಬಿಸಿದ ಪ್ರಸಂಗವೂ ನಮ್ಮ ಪಕ್ಕದಲ್ಲೇ ನಡೆಯಿತು. ಆರ್. ಕೆ. ನಾರಾಯಣರ ಮಾಲ್ಗುಡಿ 1935ರಲ್ಲಿ ಪ್ರಕಟವಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ಹುಟ್ಟಿದ ಕಲ್ಪನೆಯ ಊರು. ಹಿಂದಿಯ 'ಗೈಡ್' ಚಿತ್ರದವರು ಅದನ್ನು ರಾಜಸ್ಥಾನಕ್ಕೆ ಒಯ್ದುದಕ್ಕೆ ಬೇಸರಗೊಂಡು ನಾರಾಯಣರು ಒಂದು ಲೇಖನವನ್ನೇ ಬರೆದಿದ್ದರು. ಶಂಕರ್ ನಾಗ್ ದೂರದರ್ಶನದ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಆ ಊರನ್ನು ತಂದು ನಿಲ್ಲಿಸಿದ್ದು ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ. ಕಲಾನಿರ್ದೇಶಕರು ಜಾನ್ ದೇವರಾಜ್. ರೈಲು ನಿಲ್ದಾಣಕ್ಕೆ ಹೊಸನಗರ ತಾಲೂಕಿನ ಅರಸಾಳು ಒದಗಿತು. 1987ರಲ್ಲಿ ಧಾರಾವಾಹಿ ಪ್ರಸಾರವಾದಾಗ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದ ಮನೆಯ ಜಗುಲಿ ತುಂಬಿ ಅಂಗಳದಲ್ಲಿಯೂ ಜನ ನಿಲ್ಲುತ್ತಿದ್ದರು. 2020ರಲ್ಲಿ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವೇ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಇಲ್ಲದ ಊರಿಗೆ ನಮ್ಮಲ್ಲಿ ವಸ್ತುಸಂಗ್ರಹಾಲಯವಿದೆ. ಇದ್ದು ಹೋದ ಊರುಗಳ ಮಾತು ಬೇರೆ.

ಆ ಧಾರಾವಾಹಿಯ ಪ್ರಭಾವದಿಂದಲೋ ಏನೋ, ಮರುವರ್ಷ ನಾನು ಹತ್ತನೆಯ ತರಗತಿಯವರಿಗೆ ಒಂದು ಕೆಲಸ ಕೊಟ್ಟೆ. ನೀವು ಓದಿದ ಪುಸ್ತಕದೊಳಗಿನ ಒಂದು ಸ್ಥಳವನ್ನು ಮಾದರಿಯಾಗಿ ಮಾಡಿ ತನ್ನಿ. ಚೆನ್ನಾಗಿದ್ದುದನ್ನು ತಾಲೂಕು ಮಟ್ಟದ ವಸ್ತುಪ್ರದರ್ಶನಕ್ಕೆ ಕಳುಹಿಸೋಣ ಎಂದೆ. ಹೆಚ್ಚಿನವರು ಅಮರ ಚಿತ್ರಕಥೆಯ ಮೊರೆಹೊಕ್ಕರು. ಲಂಕೆ ಮೂರು ಬಂತು, ಅರಗಿನ ಮನೆ ಎರಡು. ಚಿತ್ರಕಥೆಯಲ್ಲಿ ಮನೆಯ ಮುಂಭಾಗ ಕಾಣುತ್ತದೆಯಾದ್ದರಿಂದ ಮಾದರಿಗಳಿಗೆಲ್ಲ ಮುಂಭಾಗ ಮಾತ್ರ ಇತ್ತು. ಹಿಂದೆ ತಿರುಗಿಸಿದರೆ ಬೆಂಕಿಪೊಟ್ಟಣದ ಹೆಸರು. ಒಬ್ಬ ಹುಡುಗ ಮಾತ್ರ ನಾ. ಡಿಸೋಜರ 'ದ್ವೀಪ' ಕಾದಂಬರಿಯ ಮನೆಯನ್ನು ಕಟ್ಟಿ ತಂದ. ಅದಕ್ಕೆ ಹಿಂಭಾಗವೂ ಇತ್ತು.

'ದ್ವೀಪ'ದ ವಿಷಯ ಗೊತ್ತಿಲ್ಲದ ಕಿರಿಯರಿಗಾಗಿ ಎರಡು ಮಾತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ನೀರಿನ ಪೂರ್ಣ ಮಟ್ಟ 1819 ಅಡಿ. ಹಿನ್ನೀರು ಹರಡಿದ್ದು 300 ಚದರ ಕಿಲೋಮೀಟರಿಗೂ ಮಿಕ್ಕ ನೆಲದ ಮೇಲೆ. ಅದಕ್ಕೆ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಂದಿಗೂ ಅದು ಮೇಲೆದ್ದು ಕಾಣುತ್ತದೆ. ಮನೆ, ತೋಟ, ಗದ್ದೆಗಳನ್ನು ಬಿಟ್ಟವರು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗಗಳ ಕಡೆ ಚದುರಿಹೋದರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದ ಡಿಸೋಜರು ಇದನ್ನೆಲ್ಲ ಹತ್ತಿರದಿಂದ ಕಂಡವರು. ಏರುವ ನೀರಿನ ನಡುವೆ ಗುಡ್ಡದ ಮೇಲೆ ಉಳಿದುಹೋಗುವ ಒಂದು ಸಂಸಾರದ ಕಥೆ 'ದ್ವೀಪ'. 2002ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ಚಲನಚಿತ್ರವಾಗಿಸಿದರು. ಡಿಸೋಜರು 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು.

ಹುಡುಗನ ಮಾದರಿ ಹೀಗಿತ್ತು. ಅಗಲವಾದ ತಗಡಿನ ತಟ್ಟೆ. ಅದರ ನಡುವೆ ರಟ್ಟುಗಳನ್ನು ಒಂದರ ಮೇಲೊಂದು ಅಂಟಿಸಿ, ಮೇಣ ಬಳಿದು ಮಾಡಿದ ಗುಡ್ಡ. ಒಂದೊಂದು ಪದರವೂ ಅರ್ಧ ಅಂಗುಲ ದಪ್ಪ, ಅಂದರೆ ಐವತ್ತು ಅಡಿ. ಎಂಟು ಪದರಕ್ಕೆ ನಾನೂರು ಅಡಿಯ ಗುಡ್ಡ. ಬದಿಯಲ್ಲಿ ಕೆಂಪು ಶಾಯಿಯ ಗೆರೆ ಎಳೆದು 1819 ಎಂದು ಬರೆದಿದ್ದ. ತಟ್ಟೆಗೆ ಚೊಂಬಿನಿಂದ ನೀರು ಹೊಯ್ದರೆ ಗದ್ದೆ ಮುಳುಗಿ, ತೋಟ ಮುಳುಗಿ, ನೀರು ಆ ಗೆರೆಗೆ ಬಂದು ನಿಲ್ಲುತ್ತಿತ್ತು. ಗುಡ್ಡದ ಮೇಲೆ ಮನೆ. ಅಡಿಕೆ ದಬ್ಬೆಯ ಪಕಾಸಿ, ಹಾಳೆಯನ್ನು ಕತ್ತರಿಸಿ ಹೊದಿಸಿದ ಮಾಡು, ಜಗುಲಿ, ಕೊಟ್ಟಿಗೆ, ಬಚ್ಚಲು, ಉಗುರಿನಷ್ಟು ದೊಡ್ಡ ತುಳಸಿಕಟ್ಟೆ, ಅಂಗಳದ ತುದಿಯಲ್ಲಿ ದಣಪೆ. ಮನೆಗೆ ಅವನು ಹಿಡಿದ ಲೆಕ್ಕ ಅಂಗುಲಕ್ಕೆ ಎಂಟು ಅಡಿ. ನಲವತ್ತೆಂಟು ಅಡಿಯ ಮನೆ ಆರು ಅಂಗುಲ ಉದ್ದವಾಗಿ, ಎರಡೂವರೆ ಅಂಗುಲ ಎತ್ತರವಾಗಿ ನಿಂತಿತ್ತು. ನಾಲ್ಕು ಅಂಗುಲದ ಗುಡ್ಡದ ಮೇಲೆ ಎರಡೂವರೆ ಅಂಗುಲದ ಮನೆ!

ನಾನು ಅದನ್ನು ತಿರಸ್ಕರಿಸಿದೆ. ನೀನಾಸಮ್ಮಿನ ಹುಡುಗರಿಂದ ಕಲಿತ ಅರ್ಧಂಬರ್ಧ ವಿದ್ಯೆ ನನ್ನ ತಲೆಯಲ್ಲಿತ್ತು. ಒಂದು ಮಾದರಿಗೆ ಒಂದೇ ಅಳತೆ ಇರಬೇಕು. ನಿನ್ನ ಗುಡ್ಡದ ಲೆಕ್ಕದಲ್ಲಿ ಈ ಮನೆ ಇನ್ನೂರೈವತ್ತು ಅಡಿ ಎತ್ತರವಾಯಿತು, ಜೋಗದ ಗುಂಡಿಗೆ ಇಳಿಬಿಟ್ಟರೆ ಕಾಲುಭಾಗ ತುಂಬೀತು ಎಂದು ತರಗತಿಯ ಎದುರೇ ಹೇಳಿದೆ. ಮಕ್ಕಳು ನಕ್ಕರು. ಅವನೂ ನಕ್ಕ. ಪ್ರದರ್ಶನಕ್ಕೆ ಹೋದದ್ದು ವಿಜ್ಞಾನದ ತಂಡದವರು ಮಾಡಿದ್ದ ಜಲವಿದ್ಯುತ್ ಮಾದರಿ. ಅದರಲ್ಲಿ ಅಣೆಕಟ್ಟು ಇತ್ತು, ಚಕ್ರ ತಿರುಗುತ್ತಿತ್ತು, ಸಣ್ಣ ಬಲ್ಬು ಉರಿಯುತ್ತಿತ್ತು. ಅಣೆಕಟ್ಟಿನ ಹಿಂದೆ ಬರಿಯ ನೀಲಿ ಬಣ್ಣ. ಅದಕ್ಕೂ ಅಳತೆಯಿರಲಿಲ್ಲವೆಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಉಳಿದ ಮಾದರಿಗಳನ್ನು ಶಾಲೆಯಲ್ಲಿಯೇ ಒಂದು ಮಧ್ಯಾಹ್ನ ಪಾಲಕರಿಗಾಗಿ ಇಟ್ಟಿದ್ದೆವು. ಹುಡುಗ ತನ್ನ ಅಜ್ಜಿಯನ್ನು ಕರೆತಂದಿದ್ದ. ಆಕೆಗೆ ಓದು ಬಾರದು. ಕಾದಂಬರಿಯ ಹೆಸರನ್ನೂ ಕೇಳಿದವಳಲ್ಲ. ಬೆಂಚಿನ ಮೇಲಿದ್ದ ಮನೆಯನ್ನು ಬಗ್ಗಿ ಬಹಳ ಹೊತ್ತು ನೋಡಿದಳು.

"ಇದು ಯಾರ ಮನೆ?" ಎಂದು ಮೊಮ್ಮಗನನ್ನು ಕೇಳಿದಳು.

"ಪುಸ್ತಕದಲ್ಲಿರೋ ಮನೆ, ಅಜ್ಜಿ."

"ಬಾವಿ ಇತ್ಲಾಗಲ್ಲ, ಅತ್ಲಾಗೆ. ಬಚ್ಚಲಿಗೆ ನೀರು ಹೊರೋಕೆ ಹತ್ರ ಆಗ್ಬೇಕಲ್ಲ."

ಅಲ್ಲಿಂದ ಆರಂಭವಾಯಿತು. ಕೊಟ್ಟಿಗೆಯ ಬಾಗಿಲು ಅಂಗಳಕ್ಕೆ ಅಲ್ಲ, ಗೊಬ್ಬರದ ಗುಂಡಿಯ ಕಡೆಗೆ. ಜಗುಲಿ ಹತ್ತು ಮೊಳ. ಮೆತ್ತಿನ ಮೆಟ್ಟಿಲು ಒಂಬತ್ತು, ಅದರಲ್ಲಿ ಮೂರನೆಯದು ಅಲ್ಲಾಡುತ್ತಿತ್ತು. ಹುಡುಗ ನನ್ನ ಮೇಜಿನಿಂದ ಒಂದು ಹಾಳೆ ಇಸಿದುಕೊಂಡು ಬರೆಯತೊಡಗಿದ. ಅವನು ಕಾದಂಬರಿಯಲ್ಲಿ ಸಿಗದ ಅಳತೆಗಳನ್ನೆಲ್ಲ ತನಗೆ ತೋಚಿದಂತೆ ತುಂಬಿದ್ದನು. ಆ ಜಾಗಗಳನ್ನೇ ಆಕೆ ಒಂದೊಂದಾಗಿ ಬೆರಳಿಟ್ಟು ತಿದ್ದಿದಳು. ನಾನು ಸುಮ್ಮನಿರಲಾರದೆ, ಗುಡ್ಡಕ್ಕೆ ಹೋಲಿಸಿದರೆ ಮನೆ ತೀರ ದೊಡ್ಡದಾಯಿತಲ್ಲವೆ ಅಮ್ಮಾ ಎಂದೆ.

ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಗುಡ್ಡ ಯಾರು ಅಳೆದ್ರು ಮೇಷ್ಟ್ರೇ? ಮನೆ ನಾನು ದಿನಾ ಸಾರಿಸ್ತಿದ್ದೆ" ಎಂದಳು.

ನೀರು ಹೊಯ್ದು ತೋರಿಸಲೇ ಅಜ್ಜಿ ಎಂದು ಹುಡುಗ ಚೊಂಬು ಎತ್ತಿದ. ಬೇಡ ಎಂದಳು.

ಈಗ ಪತ್ರಕ್ಕೆ ಉತ್ತರ. ಆ ಮಾದರಿ ಇಲ್ಲ, ಮಾರಾಯ. ಕೆಲವು ವರ್ಷ ಅಧ್ಯಾಪಕರ ಕೋಣೆಯ ಬೀರುವಿನ ಮೇಲಿತ್ತು. ಆಮೇಲೆ ಹೊಸ ಬೀರು ಬಂದು ಜಾಗ ಸಾಲದಾದಾಗ ಅದನ್ನು ಹಿಂದಿನ ಜಗುಲಿಗೆ ಒಯ್ದಿಡುವಂತೆ ಹೇಳಿದವನು ನಾನೇ. ನಮ್ಮ ಮಲೆನಾಡಿನ ಮಳೆ ನಿನಗೆ ಗೊತ್ತು. ಶ್ರಾವಣದಲ್ಲಿ ನೋಡಿದಾಗ ಇರಚಲು ಹೊಡೆದು ರಟ್ಟಿನ ಪದರಗಳು ಉಬ್ಬಿ ಬಿಚ್ಚಿಕೊಂಡಿದ್ದವು. ಮಾಡಿಗೆ ಗೆದ್ದಲು ಹಿಡಿದಿತ್ತು. ತಗಡಿನ ತಟ್ಟೆಯನ್ನು ಯಾರೋ ಗಿಡಕ್ಕೆ ನೀರು ಹಾಕಲು ಒಯ್ದರು. ನಿನಗೆ ತಿಳಿಸಬೇಕೆಂದು ನನಗೆ ಆಗ ತೋರಲಿಲ್ಲ. ಈಗ ತಿಳಿಸಲು ಇಷ್ಟು ತಿಂಗಳು ಹಿಡಿಯಿತು.

ನೀನು ಅಂದು ಬರೆದ ಹಾಳೆ ಮಾತ್ರ ನನ್ನ 'ದ್ವೀಪ'ದ ಪ್ರತಿಯೊಳಗೆ ಉಳಿದುಕೊಂಡಿದೆ. ಎರಡು ಬದಿಯೂ ನಿನ್ನ ಕೈಬರಹ. ಒಟ್ಟು ಇಪ್ಪತ್ತಮೂರು ಅಳತೆಗಳಿವೆ, ಎಲ್ಲವೂ ಮೊಳದಲ್ಲಿ, ಗೇಣಿನಲ್ಲಿ. ಅಜ್ಜಿಯ ಕೈಯ ಮೊಳ ಎಷ್ಟು ಅಂಗುಲವಿತ್ತೆಂದು ನೀನು ಅಂದೇ ಅಳೆದು ಕೆಳಗೆ ಬರೆದಿದ್ದೀಯೆ: ಹದಿನೇಳು. ಹಾಳೆಯನ್ನು ಇಂದು ಬೆಳಿಗ್ಗೆ ಹೆಗ್ಗೋಡಿನ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳುಹಿಸಿದ್ದೇನೆ. ತಲುಪಿದ ಕೂಡಲೇ ತಿಳಿಸು. ಮಗಳು ಕತ್ತರಿ ಹಿಡಿಯುವಷ್ಟು ದೊಡ್ಡವಳಾಗಿದ್ದರೆ ಬಾವಿಯನ್ನು ಬಚ್ಚಲಿನ ಕಡೆಗೇ ಇಡಲು ಹೇಳು.